ಕಂಬಿಯ ಮೇಲಿನ ಹಳದಿ

ನಮ್ಮೂರಿನಲ್ಲಿ ಯಾರು ಏನನ್ನು ಮುಟ್ಟಿದರೂ ಅವರ ಕೈಬಣ್ಣ ಅಲ್ಲಿ ಎಂಟು ದಿನ ಉಳಿಯುತ್ತದೆ. ಒಬ್ಬರ ಬಣ್ಣ ಇನ್ನೊಬ್ಬರಿಗಿಲ್ಲ. ಹಾಗಾಗಿ ಸಂತೆಯಲ್ಲಿ ಬದನೆಕಾಯಿಯನ್ನು ಹಿಚುಕಿ ಹಿಚುಕಿ ನೋಡಿ, ಏನೂ ಕೊಳ್ಳದೆ ಮುಂದೆ ಹೋಗುವವರಿಗೆ ಇಲ್ಲಿ ಬಹಳ ಕಷ್ಟ. ಡಬ್ಬಿಯಲ್ಲಿಟ್ಟ ಕೊಬ್ಬರಿ ಮಿಠಾಯಿ ಯಾರು ತಿಂದಿರಿ ಎಂದು ಯಾವ ತಾಯಿಯೂ ಕೇಳುವುದಿಲ್ಲ, ಮುಚ್ಚಳ ನೋಡಿದರೆ ಸಾಕು. ಬರಿ ನೀರಿಗೆ, ಮಳೆಗೆ ಈ ಬಣ್ಣ ಜಗ್ಗುವುದಿಲ್ಲ. ಅಂಟುವಾಳದ ನೀರಿನಲ್ಲಿ ಬಟ್ಟೆ ಅದ್ದಿ ತಿಕ್ಕಿದರೆ ಮಾತ್ರ ಹೋಗುತ್ತದೆ. ಹಾಗೆ ತಿಕ್ಕುವ ರೂಢಿ ಊರಿನಲ್ಲಿ ಹೆಚ್ಚು ಜನಕ್ಕಿಲ್ಲ. ತಾನಾಗಿ ಹೋಗುವುದನ್ನು ಯಾಕೆ ಓಡಿಸಬೇಕು ಎನ್ನುತ್ತಾರೆ. ಅತ್ತೆಯ ಬಣ್ಣದ ಪಕ್ಕ ಸೊಸೆಯದು, ಹಾಲಿನವನ ಬಣ್ಣದ ಮೇಲೆ ಪೇಪರಿನವನದು, ಹೀಗೆ ಬಾಗಿಲುಗಳೆಲ್ಲ ತುಂಬಿಕೊಂಡಿರುತ್ತವೆ. ದಿನಕ್ಕೆರಡು ಕೊಡ ಅಂಟುವಾಳದ ನೀರು ಖರ್ಚು ಮಾಡುತ್ತಿದ್ದವನು ಊರಿಗೆಲ್ಲ ನಾನೊಬ್ಬನೇ.

ನನ್ನ ಹೆಸರು ಶಾಂತವೀರಪ್ಪ. ಹೆಸರಿನಲ್ಲಿರುವ ಶಾಂತಿ ಸ್ವಭಾವದಲ್ಲಿಲ್ಲ ಎಂದು ನನ್ನ ಹೆಂಡತಿ ವನಜ ಹೇಳುವುದುಂಟು. ನನ್ನ ಕೈಬಣ್ಣ ಹಾಗಲಕಾಯಿಯ ಹಸಿರು. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ, 'ದೇವರು ನೋಡಿಯೇ ಕೊಟ್ಟಿದ್ದಾನೆ' ಎಂದು ನಕ್ಕಿದ್ದಳು. ಅವಳದು ನೇರಳೆಹಣ್ಣಿನ ಬಣ್ಣ. ಅವಳು ಮೇಲುಪೇಟೆಯ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ನಾನು ಕೆಳಪೇಟೆಯ ಸಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾಂಪೌಂಡರ್. ಎರಡು ಪೇಟೆಗಳ ನಡುವೆ ಇನ್ನೂರ ಹನ್ನೆರಡು ಕಲ್ಲಿನ ಮೆಟ್ಟಿಲು. ಇಳಿಯುವಾಗ ಎಡಕ್ಕೆ ಬಂಡೆ, ಬಲಕ್ಕೆ ಕಬ್ಬಿಣದ ಕಂಬಿ. ಮನೆಗಳು ಮೇಲೆ, ಸ್ಕೂಲು, ಅಂಗಡಿ, ಆಸ್ಪತ್ರೆ ಎಲ್ಲ ಕೆಳಗೆ. ಹಾಗಾಗಿ ಊರಿನವರೆಲ್ಲ ದಿನಕ್ಕೆ ಒಂದು ಸಲವಾದರೂ ಆ ಕಂಬಿಯನ್ನು ಹಿಡಿಯುತ್ತಾರೆ. ಕಂಬಿಯ ಮೂಲ ಬಣ್ಣ ಯಾವುದೆಂದು ನನ್ನ ತಾತನಿಗೂ ಗೊತ್ತಿರಲಿಲ್ಲ.

ಬೇರೆಯವರಿಗೆ ಆ ಬಣ್ಣಗಳಲ್ಲಿ ನೆಂಟರು ಇಷ್ಟರು ಕಾಣುತ್ತಿದ್ದರು. ನನಗೆ ಕಾಣುತ್ತಿದ್ದುದು ಕಾಯಿಲೆ. ಬೆಳಿಗ್ಗೆಯಿಂದ ಔಷಧಿ ಕಟ್ಟಿಕೊಟ್ಟವನಿಗೆ ಯಾರ ಕೈ ಯಾವ ಬಣ್ಣ, ಯಾರಿಗೆ ಏನಾಗಿದೆ ಎಂದು ಬಾಯಿಪಾಠ. ಸಂಜೆ ಮೆಟ್ಟಿಲು ಹತ್ತುವಾಗ ಕಂಬಿಯನ್ನು ಓದಿಕೊಂಡೇ ಬರುತ್ತಿದ್ದೆ. ಈ ಇಟ್ಟಿಗೆ ಕೆಂಪಿನವಳಿಗೆ ಭೇದಿ. ಈ ಬೂದಿಬಣ್ಣದವನಿಗೆ ಕಜ್ಜಿ. ಉದ್ದಕ್ಕೂ, ಹೆಜ್ಜೆಗೊಂದರಂತೆ ಕಾಣುವ ಹುಣಸೆಹಣ್ಣಿನ ಬಣ್ಣ ಕೆಂಚಪ್ಪಜ್ಜನದು. ಕೆಂಚಪ್ಪಜ್ಜ ಮೆಟ್ಟಿಲಿನ ನಡುಮಧ್ಯದ ಕಟ್ಟೆಯಲ್ಲಿ ಕಡಲೆಕಾಯಿ ಹುರಿದು ಮಾರುವ ಮುದುಕ, ಬೆಳಗಿನಿಂದ ಸಂಜೆಯವರೆಗೆ ಕೆಮ್ಮು. ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿ, ಅದೇ ಕೈಯಲ್ಲಿ ಕಂಬಿ ಹಿಡಿಯುವುದನ್ನು ಕಣ್ಣಾರೆ ನೋಡಿದ್ದೇನೆ. ನಾನು ಮಾತ್ರ ಆ ಕಂಬಿಯನ್ನು ಮುಟ್ಟುತ್ತಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹತ್ತಿ ಇಳಿಯುತ್ತಿದ್ದೆ.

ಇದಕ್ಕೆ ಕಾರಣವಿತ್ತು. ನಮ್ಮ ಮೊದಲನೆಯ ಮಗು ಒಂಬತ್ತು ತಿಂಗಳಿನವನು. ವಾಂತಿ ಭೇದಿ ಶುರುವಾಗಿ ಎರಡೇ ದಿನಕ್ಕೆ ಹೋಗಿಬಿಟ್ಟ. ಅವನ ತೊಟ್ಟಿಲ ಹಗ್ಗದ ಮೇಲೆ ತುಕ್ಕಿನ ಬಣ್ಣದ್ದೊಂದು ಗುರುತಿತ್ತು. ಅದು ನಮ್ಮ ಮನೆಯವರದಲ್ಲ, ಬೀದಿಯವರದೂ ಅಲ್ಲ. ಯಾರು ಬಂದಿದ್ದರು, ಯಾವಾಗ ಮುಟ್ಟಿದರು ಎಂದು ಇವತ್ತಿಗೂ ತಿಳಿದಿಲ್ಲ. ಊರಿನ ಪದ್ಧತಿಯ ಪ್ರಕಾರ ಸಾವಾದ ಮನೆಯಲ್ಲಿ ಎಂಟು ದಿನ ಏನನ್ನೂ ಒರೆಸುವುದಿಲ್ಲ. ಹೋದವರ ಬಣ್ಣ ತಾನಾಗಿ ಮಾಸುವವರೆಗೆ ಬಿಡುತ್ತಾರೆ. ನಾನು ಮಣ್ಣು ಮಾಡಿ ಬಂದವನೇ ಬಕೆಟ್ಟು ಹಿಡಿದೆ. ತೊಟ್ಟಿಲು, ನೆಲ, ಬಾಗಿಲು, ಗೋಡೆ, ಯಾವುದನ್ನೂ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ವನಜ ಹಜಾರದ ಗೋಡೆಯ ಮುಂದೆ ಕೂತು, ಮೊಳಕಾಲೆತ್ತರದಲ್ಲಿ ಏನನ್ನೋ ಹುಡುಕುತ್ತಿದ್ದಳು. ಮಗು ಇದ್ದಾಗ ತೆವಳಿಕೊಂಡು ಹೋಗಿ ಅಲ್ಲಿ ಗೋಡೆ ಹಿಡಿದು ನಿಲ್ಲಲು ನೋಡುತ್ತಿತ್ತು. ಅವನದು ದಾಸವಾಳದ ಮೊಗ್ಗಿನ ಬಣ್ಣ.

"ಗೋಡೆನೂ ಒರೆಸಿದ್ರಾ?" ಎಂದಳು.

"ಹೂಂ" ಎಂದೆ.

ಅವಳು ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ನನಗೆ ಅಷ್ಟಾದರೂ ಬುದ್ಧಿ ಬರುತ್ತಿತ್ತೋ ಏನೋ.

ನಾಲ್ಕು ವರ್ಷದ ಮೇಲೆ ಬಕುಳ ಹುಟ್ಟಿದಳು. ಹಲಸಿನ ತೊಳೆಯಂಥ ಹಳದಿ. ಅವಳು ಹುಟ್ಟಿದ ದಿನ ವನಜಳ ಕೆನ್ನೆ, ಕತ್ತು, ಸೀರೆ ಎಲ್ಲ ಆ ಹಳದಿಯಿಂದ ತುಂಬಿದ್ದವು. ನೋಡಲು ಬಂದವರಿಗೆ ನಾನು ಮಗುವನ್ನು ಮುಟ್ಟಲು ಬಿಡಲಿಲ್ಲ. ಬಾಗಿಲಲ್ಲೇ ಕೈ ತೊಳೆಸಿ, ದೂರದಿಂದಲೇ ತೋರಿಸಿ ಕಳಿಸಿದೆ. ನನ್ನ ಅತ್ತೆಯೇ ಮುನಿಸಿಕೊಂಡು ಒಂದು ವರ್ಷ ಬರಲಿಲ್ಲ. ಆರು ವರ್ಷ ಹಾಗೆ ಕಾಪಾಡಿದೆ. ಆಮೇಲೆ ಅವಳಿಗೆ ಸ್ಕೂಲಿಗೆ ಹೋಗುವ ವಯಸ್ಸಾಯಿತು. ಸ್ಕೂಲು ಕೆಳಗೆ.

ನಾನು ಎಂಟು ಗಂಟೆಗೆ ಆಸ್ಪತ್ರೆಯಲ್ಲಿರಬೇಕು. ವನಜ ಎಂಟೂವರೆಗೆ ಶಿಶುವಿಹಾರದ ಬಾಗಿಲು ತೆಗೆಯಬೇಕು. ಬಕುಳ ಒಂಬತ್ತಕ್ಕೆ ಬೀದಿಯ ಮಕ್ಕಳ ಜೊತೆ ಮೆಟ್ಟಿಲಿಳಿದು ಹೋಗುವುದೆಂದಾಯಿತು. ಹೊರಡುವ ಮೊದಲ ದಿನ ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತ ವನಜ, "ಕಂಬಿ ಹಿಡ್ಕೊಂಡು ಇಳೀಬೇಕು ಮಗಳೇ, ಕೈ ಬಿಡಬಾರದು" ಎಂದಳು.

"ಕಂಬಿ ಮುಟ್ಟಬಾರದು. ಬಂಡೆ ಪಕ್ಕದಲ್ಲಿ ನಿಧಾನವಾಗಿ ಇಳಿದರೆ ಏನೂ ಆಗಲ್ಲ" ಎಂದೆ ನಾನು.

"ಏನ್ರೀ ಹೇಳ್ತಿದ್ದೀರ? ಸವೆದು ಸವೆದು ಆ ಕಲ್ಲುಗಳು ಕನ್ನಡಿ ಆಗಿವೆ. ದೊಡ್ಡೋರೇ ಜಾರ್ತಾರೆ."

"ಆ ಕಂಬಿ ಮೇಲೆ ಏನೇನಿದೆ ಅಂತ ನಿನಗೇನು ಗೊತ್ತು? ನಾನು ದಿನಾ ನೋಡ್ತೀನಿ."

"ನಾನೂ ದಿನಾ ನಲವತ್ತು ಮಕ್ಕಳನ್ನ ನೋಡ್ತೀನಿ. ಒಬ್ಬರು ಮುಟ್ಟಿದ್ದನ್ನ ಇನ್ನೊಬ್ಬರು ಬಾಯಿಗಿಟ್ಕೋತಾರೆ. ನೆಗಡಿ ಬರುತ್ತೆ, ಹೋಗುತ್ತೆ. ತಲೆ ಒಡ್ಕೊಳ್ಳೋದು, ಹಲ್ಲು ಮುರ್ಕೊಳ್ಳೋದು ಎಲ್ಲ ಬಿದ್ದೇ. ಹಿಡ್ಕೊಂಡು ಇಳೀಲಿ, ಕೆಳಗೆ ಹೋಗಿ ಕೈ ತೊಳ್ಕೊಳ್ಳಲಿ. ಆಯ್ತಲ್ಲ?"

ಇಷ್ಟು ಸುಲಭವಾದ ಮಾತು. ಆಸ್ಪತ್ರೆಯ ಡಾಕ್ಟರ್ ಗುಂಡೂರಾಯರೂ ಆಮೇಲೊಮ್ಮೆ ಅದನ್ನೇ ಹೇಳಿದರು. ಸ್ಕೂಲಿನ ಅಂಗಳದಲ್ಲಿ ನಲ್ಲಿಯಿತ್ತು, ಸೋಪಿನ ತುಂಡನ್ನು ನಾನೇ ಕೊಟ್ಟು ಕಳಿಸಬಹುದಿತ್ತು. ಆದರೆ ನನ್ನ ತಲೆಯಲ್ಲಿ ಇನ್ನೂರ ಹನ್ನೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಮಗು ಎಷ್ಟು ಸಲ ಬಾಯಿಗೆ ಬೆರಳಿಟ್ಟೀತು, ಎಷ್ಟು ಸಲ ಕಣ್ಣುಜ್ಜೀತು ಎಂಬ ಲೆಕ್ಕವೇ ಓಡುತ್ತಿತ್ತು. ಅದರ ಜೊತೆಗೆ ಸೋಲುವುದೂ ನನಗೆ ಬೇಡವಾಗಿತ್ತು. ಆಗ ಆಡಬಾರದ ಮಾತೊಂದನ್ನು ಆಡಿದೆ.

"ಮೊದಲನೆಯವನು ಬಿದ್ದು ಸತ್ತನಾ?"

ವನಜ ಜಡೆಯ ಕೊನೆಗೆ ರಿಬ್ಬನ್ನು ಕಟ್ಟುತ್ತಿದ್ದವಳು ಕಟ್ಟುತ್ತಲೇ ಇದ್ದಳು. ಕಟ್ಟಿ ಮುಗಿಸಿ, ಮಗುವಿನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಕಂಬಿ ಹಿಡ್ಕೋ" ಎಂದಳು. ನಾನು ಮಗುವಿನ ಚೀಲದಲ್ಲಿ ಒಂದು ಸಣ್ಣ ಔಷಧಿ ಬಾಟಲಿಯನ್ನೂ ಬಟ್ಟೆಯ ಚೌಕವನ್ನೂ ಇಟ್ಟೆ. ಬಾಟಲಿಯಲ್ಲಿ ಅಂಟುವಾಳದ ನೀರು. ಕೂರುವ ಮಣೆ, ಸ್ಲೇಟು ಎಲ್ಲವನ್ನೂ ಮೊದಲು ಒರೆಸಿಕೊಳ್ಳಬೇಕೆಂದು ಹೇಳಿ, "ಕಂಬಿ ಮುಟ್ಟಬೇಡ. ಸಂಜೆ ಬರ್ತಾ ನೋಡ್ತೀನಿ, ನಿನ್ನ ಹಳದಿ ಅಲ್ಲಿ ಕಾಣಬಾರದು" ಎಂದೆ.

ಬಕುಳ ಅಮ್ಮನನ್ನು ನೋಡಿ "ಆಯ್ತು" ಎಂದಳು. ನನ್ನನ್ನು ನೋಡಿ ಇನ್ನೊಂದು ಸಲ "ಆಯ್ತು" ಎಂದಳು.

ಆವತ್ತಿನಿಂದ ಸಂಜೆ ಹೊತ್ತು ಮೆಟ್ಟಿಲು ಹತ್ತುವಾಗ ನಾನು ಬೇರೆ ಬಣ್ಣಗಳನ್ನು ಓದುವುದನ್ನೇ ಬಿಟ್ಟೆ. ಹುಡುಕುತ್ತಿದ್ದುದು ಒಂದೇ, ಹಲಸಿನ ಹಳದಿ. ಮೊದಲ ದಿನ ಇರಲಿಲ್ಲ. ಮೊದಲ ವಾರ ಇರಲಿಲ್ಲ. ಜೂನ್ ಕಳೆದು ಜುಲೈ ಬಂತು, ಒಂದು ಚುಕ್ಕೆಯೂ ಕಾಣಲಿಲ್ಲ. ನನಗೆ ಎಷ್ಟು ಹೆಮ್ಮೆ ಎಂದರೆ, ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ನನ್ನ ಮಗಳು ನನ್ನ ಮಾತು ಮೀರಲ್ಲ" ಎಂದು ಒಳಗೆ ಕೇಳಿಸುವ ಹಾಗೆ ಹೇಳುತ್ತಿದ್ದೆ. ಬೀದಿಯ ಮಕ್ಕಳು ವನಜಳಿಗೆ, 'ಬಕುಳ ಕಂಬಿ ಹಿಡ್ಕೊಂಡೇ ಇಳಿಯೋದು ಆಂಟಿ, ಎಲ್ಲರಿಗಿಂತ ಹಿಂದೆ ಬರ್ತಾಳೆ' ಎಂದು ಹೇಳಿದ್ದರಂತೆ. ಗಂಡ ಕುರುಡ, ಎದುರಿಗಿರುವ ಹಳದಿಯೇ ಇವರಿಗೆ ಕಾಣುತ್ತಿಲ್ಲ, ಸದ್ಯ, ಎಂದುಕೊಂಡು, ತಾನೂ ಕಂಬಿಯನ್ನು ಹುಡುಕಿ ನೋಡದೆ ಅವಳು ಸುಮ್ಮನಿದ್ದಳು. ಹೀಗೆ ಇಬ್ಬರೂ ಗೆದ್ದುಕೊಂಡು ಒಂದೇ ಮನೆಯಲ್ಲಿ ಓಡಾಡಿಕೊಂಡಿದ್ದೆವು.

ಕಂಬಿಯ ಮೇಲೆ ಅಲ್ಲಲ್ಲಿ ಯಾರೋ ಒರೆಸಿದ ಹಾಗೆ ಬೋಳಾದ ಜಾಗಗಳು ಕಾಣುತ್ತಿದ್ದವು. ಅದನ್ನು ನಾನು ನೋಡಿಲ್ಲವೆಂದಲ್ಲ. ಕೊನೆಗೂ ಈ ಊರಿನಲ್ಲಿ ಒಬ್ಬ ಬುದ್ಧಿವಂತ ಹುಟ್ಟಿಕೊಂಡ ಎಂದು ಒಂದು ಸಂಜೆ ಸಂತೋಷವನ್ನೂ ಪಟ್ಟಿದ್ದೆ.

ಜುಲೈ ಮೂರನೆಯ ವಾರ, ಬುಧವಾರ. ಬೆಳಗಿನ ಜಾವ ತುಂತುರು ಬಿದ್ದು ನಿಂತಿತ್ತು. ಒಂಬತ್ತೂ ಕಾಲರ ಸುಮಾರಿಗೆ ನಾನು ಕೆಂಪು ಔಷಧಿಯನ್ನು ಬಾಟಲಿಗಳಿಗೆ ಬಗ್ಗಿಸುತ್ತಿದ್ದೆ. ಹೊರಗೆ ಗದ್ದಲವಾಯಿತು. ಕೆಮ್ಮು ಕೇಳಿಸಿತು. ಕೆಂಚಪ್ಪಜ್ಜ ಏದುಸಿರು ಬಿಡುತ್ತ ಒಳಗೆ ಬಂದ, ಎರಡು ಕೈಯಲ್ಲಿ ಬಕುಳಳನ್ನು ಎತ್ತಿಕೊಂಡಿದ್ದ. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಬಲಗೈ ಮುಂಗೈಯ ಹತ್ತಿರ ತಿರುಚಿಕೊಂಡು ಜೋತುಬಿದ್ದಿತ್ತು. ಅವಳ ಬಿಳಿ ಯೂನಿಫಾರಂ ಮೇಲೆ, ಕಾಲಿನ ಮೇಲೆ, ಕೆನ್ನೆಯ ಮೇಲೆ ಎಲ್ಲೆಲ್ಲೂ ಮುದುಕನ ಹುಣಸೆಬಣ್ಣ.

ಈಗ ಹೇಳುವುದನ್ನು ನಾನು ವನಜಳಿಗೂ ಹೇಳಿಲ್ಲ. ಮಗುವನ್ನು ಮೇಜಿನ ಮೇಲೆ ಮಲಗಿಸಿದರು. ನಾನು ಬಟ್ಟೆ ತೆಗೆದುಕೊಂಡು ಅಂಟುವಾಳದ ನೀರಿನಲ್ಲಿ ಅದ್ದಿದೆ. ಅದ್ದಿ, ಅವಳ ಕೆನ್ನೆಯ ಮೇಲಿದ್ದ ಹುಣಸೆಬಣ್ಣವನ್ನು ತಿಕ್ಕಿದೆ. ರಕ್ತ ಹಾಗೇ ಇಳಿಯುತ್ತಿತ್ತು. ಗುಂಡೂರಾಯರು ನನ್ನ ಕೈ ಹಿಡಿದು ಎಳೆದು, "ಏನಯ್ಯ ಮಾಡ್ತಿದ್ದೀಯ ನೀನು? ಹತ್ತಿ ತಾ, ಪಟ್ಟಿ ತಾ" ಎಂದು ಗದರಿದರು. ಮಗು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಅದು ನೋಡಿತು ಎಂಬುದೇ ನನಗೆ ಉಳಿದಿರುವ ಕೊರಗು.

ಕೈಗೆ ಹಲಗೆ ಕಟ್ಟಿ, ಹಣೆಗೆ ಹೊಲಿಗೆ ಹಾಕಿ ಅವಳನ್ನು ಒಳಗಿನ ಮಂಚದ ಮೇಲೆ ಮಲಗಿಸಿದ ಮೇಲೆ ಹೊರಗೆ ಬಂದೆ. ಕೆಂಚಪ್ಪಜ್ಜ ಬೆಂಚಿನ ತುದಿಯಲ್ಲಿ, ನನ್ನ ಕಣ್ಣಿಗೆ ಬೀಳದ ಹಾಗೆ ಕೈಗಳನ್ನು ಪಂಚೆಯೊಳಗೆ ಮುದುಡಿಕೊಂಡು ಕೂತಿದ್ದ.

"ತಪ್ಪು ತಿಳೀಬೇಡ ಕಾಂಪೌಂಡರಪ್ಪ. ಮುಟ್ಟಬಾರದು ಅಂತ ಗೊತ್ತು. ಬೇರೆ ಯಾರೂ ಇರಲಿಲ್ಲ" ಎಂದ.

ಅವನ ಪಕ್ಕ ಕೂತೆ. ಹೇಗೆ ಬಿದ್ದಳು ಎಂದು ಕೇಳಿದೆ.

"ಕಂಬಿ ಒರೆಸ್ತಿತ್ತು. ದಿನಾ ಒರೆಸುತ್ತಲ್ಲ. ನಾಕು ಮೆಟ್ಲು ಹಿಡ್ಕೊಂಡು ಇಳಿಯುತ್ತೆ, ಆಮೇಲೆ ಹಿಂದಕ್ಕೆ ತಿರುಗಿ, ಕೈ ಬಿಟ್ಟು, ಬಾಟ್ಲಿ ತೆಗೆದು ಬಟ್ಟೆ ನೆನೆಸಿ, ತಾನು ಹಿಡಿದಿದ್ದ ಜಾಗ ಎಲ್ಲ ಒರೆಸುತ್ತೆ. ಮತ್ತೆ ನಾಕು ಮೆಟ್ಲು. ಯಾಕೆ ಮಗಾ ಅಂತ ಒಂದಿನ ಕೇಳ್ದೆ. 'ಅಮ್ಮ ಹಿಡ್ಕೋ ಅಂದಿದ್ದಾಳೆ, ಅಪ್ಪನಿಗೆ ಕಾಣಬಾರದು' ಅಂತು. ನಾನು ನಕ್ಕುಬಿಟ್ಟೆ. ಎಷ್ಟು ಜಾಣೆ ಅಂತ ಒಂದು ಹಿಡಿ ಕಡಲೆಕಾಯಿ ಕೊಟ್ಟೆ." ಅವನಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, "ತಗೊಳ್ಳಲಿಲ್ಲ. ಹಿಂದಕ್ಕೆ ಕೈ ಕಟ್ಕೊಂಡ್ತು" ಎಂದ.

ಮಧ್ಯಾಹ್ನ ಮೆಟ್ಟಿಲು ಹತ್ತಿದೆ. ಬೆನ್ನ ಹಿಂದೆ ಕಟ್ಟಿದ್ದ ಕೈ ತಾನಾಗಿ ಬಿಚ್ಚಿಕೊಂಡಿತ್ತು. ಬೋಳಾದ ಜಾಗಗಳು ಕಂಬಿಯ ಕೆಳಮೈಯಲ್ಲೇ ಹೆಚ್ಚಾಗಿದ್ದವು, ಆರು ವರ್ಷದ ಮಗು ಕೈ ಎತ್ತಿ ಹಿಡಿದರೆ ಬೆರಳು ಸುತ್ತುವ ಕಡೆ. ನಾಲ್ಕು ನಾಲ್ಕು ಮೆಟ್ಟಿಲಿಗೆ ಒಂದು ಗುಂಪು. ಎಷ್ಟು ಅಚ್ಚುಕಟ್ಟಾಗಿ ಒರೆಸಿದ್ದಳೆಂದರೆ ಊರಿನವರ ಬಣ್ಣವೂ ಅವಳ ಜೊತೆಗೆ ಹೋಗಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಬೂದುಗಪ್ಪು. ಕಂಬಿಯ ಮೂಲ ಬಣ್ಣ ಅದು ಎಂದು ಅವತ್ತು ಗೊತ್ತಾಯಿತು. ಮೇಲಿನಿಂದ ಐವತ್ತೇಳನೆಯ ಮೆಟ್ಟಿಲಿನ ಹತ್ತಿರ ಹಲಸಿನ ಹಳದಿಯ ಪುಟ್ಟ ಅಂಗೈ ಕಂಡಿತು. ಅರ್ಧ ಮಾತ್ರ. ಹೆಬ್ಬೆರಳು, ತೋರುಬೆರಳು ಇದ್ದವು. ಉಳಿದದ್ದು ಒರೆಸಿಹೋಗಿತ್ತು.

ಸುದ್ದಿ ಕೇಳಿ ಮೇಲಿನಿಂದ ಓಡಿ ಬಂದಿದ್ದ ವನಜ ಅಷ್ಟು ಹೊತ್ತಿಗೆ ಮಗುವನ್ನು ನೋಡಿ, ಸೊಪ್ಪಿನಂತೆ ಬಾಡಿ, ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಹತ್ತಿ ಬಂದಳು. ನಾನು ತೋರಿಸಿದೆ. ಅವಳು ಆ ಹಳದಿಯನ್ನು ನೋಡಿದಳು. ಮೇಲಕ್ಕೆ, ಕೆಳಕ್ಕೆ, ಸಾಲಾಗಿ ಬೋಳಾಗಿದ್ದ ಜಾಗಗಳನ್ನು ನೋಡಿದಳು. ಬಯ್ಯುತ್ತಾಳೆಂದು ಕಾದೆ. ಬೈದರೆ ಸಾಕು ಎಂದು ಆಸೆಯಾಗುತ್ತಿತ್ತು.

"ನೀವು ಮುಟ್ಟಬೇಡ ಅಂದ್ರಿ, ನಾನು ಹಿಡ್ಕೋ ಅಂದೆ. ಇಬ್ಬರಲ್ಲಿ ಒಬ್ಬರಾದ್ರೂ ಸುಮ್ನಿರಬಾರದಿತ್ತಾ ರೀ? ನೀವು ಹೇಳ್ದಂಗೆ ಮುಟ್ಟದೆ ಬಂಡೆ ಪಕ್ಕ ಇಳಿದಿದ್ರೂ ಬೀಳ್ತಿರಲಿಲ್ಲವೇನೋ. ನಾನು ಹೇಳ್ದಂಗೆ ಹಿಡ್ಕೊಂಡಿದ್ರೂ ಬೀಳ್ತಿರಲಿಲ್ಲ" ಎಂದಳು. ಆ ಅರ್ಧ ಅಂಗೈಯ ಕಡೆ ಬಗ್ಗಿ, "ಎರಡೂ ಮಾಡೋಕೆ ಹೋಯ್ತು" ಎಂದಳು.

ನಾನು ಅತ್ತೆ. ಕೆಳಗಿನಿಂದ ಯಾರೋ ತರಕಾರಿ ಚೀಲ ಹೊತ್ತುಕೊಂಡು ಬರುತ್ತಿದ್ದವರು ನಮ್ಮನ್ನು ನೋಡಿ ಬಂಡೆಯ ಪಕ್ಕಕ್ಕೆ ಸರಿದು ಹೋದರು.

ಅವತ್ತಿನಿಂದ ಎಂಟು ದಿನ ಆ ಮೆಟ್ಟಿಲಿನ ಹತ್ತಿರ ಊರಿನ ಒಬ್ಬರೂ ಕಂಬಿ ಹಿಡಿಯಲಿಲ್ಲ. ಯಾರೂ ಹೇಳಿದ್ದಲ್ಲ. ಐವತ್ತಾರನೆಯ ಮೆಟ್ಟಿಲಿನಲ್ಲಿ ಕೈ ಬಿಟ್ಟು, ಐವತ್ತೆಂಟರಲ್ಲಿ ಮತ್ತೆ ಹಿಡಿಯುತ್ತಿದ್ದರು. ಕೆಂಚಪ್ಪಜ್ಜ ತನ್ನ ಬಾಣಲೆಯನ್ನು ಎತ್ತಿಕೊಂಡು ಅಲ್ಲೇ ಹತ್ತಿರ ಕೂತು, ಹೊಸಬರು ಬಂದರೆ, "ಅಲ್ಲಿ ಬೇಡ, ಈ ಕಡೆ" ಎನ್ನುತ್ತಿದ್ದ. ಎಂಟನೆಯ ದಿನ ಸಂಜೆ ನಾವಿಬ್ಬರೂ ಅಲ್ಲಿ ನಿಂತಿದ್ದೆವು. ಹಳದಿ ಮೊದಲು ಹೆಬ್ಬೆರಳಿನಲ್ಲಿ ತೆಳುವಾಯಿತು, ಆಮೇಲೆ ಹೋಯಿತು. ವನಜ ಆ ಜಾಗದ ಮೇಲೆ ತನ್ನ ಕೈಯಿಟ್ಟಳು. ಅದರ ಪಕ್ಕದಲ್ಲಿ ನಾನೂ ಇಟ್ಟೆ. ಕಬ್ಬಿಣ ತಣ್ಣಗಿತ್ತು. ಹುಟ್ಟಿದ ಊರಿನ ಕಂಬಿಯನ್ನು ನಾನು ಮೊದಲನೆಯ ಮಗು ಹೋದ ಮೇಲೆ ಮುಟ್ಟಿದ್ದು ಅದೇ ಮೊದಲು.

ಇದಾಗಿ ಎರಡು ವರ್ಷವಾಯಿತು. ಬಕುಳಳ ಹಣೆಯ ಗಾಯ ಕೂದಲಿನ ಕೆಳಗೆ ಮುಚ್ಚಿಹೋಗಿದೆ. ಕೈಯ ಮೂಳೆ ಕೂಡಿತು, ನರ ಕೂಡಲಿಲ್ಲ. ಬಲಗೈಯ ಬೆರಳುಗಳು ಏನನ್ನೂ ಬಿಗಿಯಾಗಿ ಹಿಡಿಯುವುದಿಲ್ಲ, ಆ ಕೈ ಮುಟ್ಟಿದಲ್ಲಿ ಬಣ್ಣವೂ ಉಳಿಯುವುದಿಲ್ಲ. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾಳೆ. ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಇಳಿಯುವಾಗ ಕಂಬಿ ಬಲಕ್ಕೆ ಬರುವುದರಿಂದ ಅದು ಅವಳಿಗೆ ಉಪಯೋಗವಿಲ್ಲ. ಗುಂಡೂರಾಯರನ್ನು ಕೇಳಿಕೊಂಡು ನಾನು ಈಗ ಒಂಬತ್ತೂವರೆಗೆ ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ ಅವಳ ಎಡಕ್ಕೆ ನಾನು ನಡೆಯುತ್ತೇನೆ, ಅವಳು ನನ್ನ ಅಂಗಿಯ ತೋಳನ್ನು ಹಿಡಿದು ಇಳಿಯುತ್ತಾಳೆ. ಅವಳಿಗೆ ಜಾಗ ಬಿಟ್ಟು ನಾನು ಬಂಡೆಗೆ ಕೈ ಊರಿಕೊಂಡು ಇಳಿಯುತ್ತೇನೆ. ಕೆಂಚಪ್ಪಜ್ಜನ ಕಟ್ಟೆಯಲ್ಲಿ ನಿಂತು, ಅವನ ಕೈಯಿಂದಲೇ ಕಡಲೆಕಾಯಿ ಇಸಿದುಕೊಂಡು ತಿನ್ನುತ್ತೇನೆ. ಅವಳಿಗೂ ಕೊಡುತ್ತಾನೆ. ಅವಳು ನನ್ನ ಮುಖ ನೋಡುತ್ತಾಳೆ. ತಿನ್ನು ಎನ್ನುತ್ತೇನೆ. ಲಂಗದ ಜೇಬಿಗೆ ಹಾಕಿಕೊಳ್ಳುತ್ತಾಳೆ.

ಮನೆಯಲ್ಲಿ ಅಂಟುವಾಳದ ನೀರು ಕಾಯಿಸುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಗೋಡೆ, ಬಾಗಿಲುಗಳ ಮೇಲೆ ಈಗ ನೇರಳೆಯೂ ಹಾಗಲದ ಹಸಿರೂ ಬೇಕಾದಷ್ಟಿವೆ, ನೆರೆಮನೆಯವರ ಬಣ್ಣಗಳೂ ಇವೆ. ಹಲಸಿನ ಹಳದಿಯನ್ನು ಮಾತ್ರ ನಾನು ಹುಡುಕುತ್ತಲೇ ಇದ್ದೇನೆ. ಆಗ ಕಾಣಬಾರದೆಂದು ಹುಡುಕುತ್ತಿದ್ದೆ.

ಕೊನೆಯ ಮೆಟ್ಟಿಲಿಳಿದ ಮೇಲೆ ನನ್ನ ತೋಳಿನ ಮೇಲೆ ಅವಳ ಐದು ಬೆರಳೂ ಮೂಡಿರುತ್ತವೆ. ಅವಳು ಚೀಲದಿಂದ ಬಾಟಲಿ ತೆಗೆಯುತ್ತಾಳೆ. ಎಲ್ಲಿಂದ ತುಂಬಿಸಿಕೊಳ್ಳುತ್ತಾಳೋ, ಸ್ಕೂಲಿನ ಹಿಂದೆ ಒಂದು ಅಂಟುವಾಳದ ಮರವಿದೆ. ಬಾಟಲಿಯ ಬಿರಡೆಯನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, "ಒರೆಸ್ಲಾ ಅಪ್ಪ?" ಎಂದು ಕೇಳುತ್ತಾಳೆ.

"ಬೇಡ ಮಗಳೇ, ಇರಲಿ. ನಂಗೆ ಅದು ಬೇಕು" ಎನ್ನುತ್ತೇನೆ.

"ಆಯ್ತು" ಎನ್ನುತ್ತಾಳೆ.

ಸ್ಕೂಲಿನ ಗೇಟಿನವರೆಗೆ ನನ್ನ ಪಕ್ಕದಲ್ಲೇ ಬರುತ್ತಾಳೆ. ನಾನು ಅತ್ತ ಇತ್ತ ನೋಡುತ್ತ, ಎದುರಾದವರ ಜೊತೆ ಎರಡು ಮಾತಾಡುತ್ತ ನಡೆಯುತ್ತೇನೆ. ಆಸ್ಪತ್ರೆಗೆ ಬಂದು ಅಂಗಿಯ ತೋಳು ನೋಡಿಕೊಂಡರೆ ಬೆಳ್ಳಗಿರುತ್ತದೆ, ಇನ್ನೂ ಒದ್ದೆ ಆರಿರುವುದಿಲ್ಲ.